ನೋಡೋದಕ್ಕೂ ದುಡ್ಡಾ?

ಟರ್ಬೊ ಕಾರಿನ ಆಕ್ಸಿಲರೇಟರನ್ನು ಒತ್ತಿ ಹಿಡಿದಾಗ ಗಾಡಿ ಒಂದೇ ಸಮ ಎಳೆಯದೆ, ಎಳೆದು ಬಿಟ್ಟು, ಮತ್ತೆ ಎಳೆದು ಬಿಟ್ಟು ಓಡ್ತಾ ಇದ್ಯಾ? ಹಾಗಿದ್ರೆ ದಯವಿಟ್ಟು ಟರ್ಬೊ ಬದಲಾಯಿಸಬೇಡಿ. ಪ್ಲಗ್ಗೂ ಬೇಡ, ಸೆನ್ಸರೂ ಬೇಡ. ಮೊದಲು ಅಳೆಸಿ. ಅಳೆದವರಿಗೆ ದುಡ್ಡು ಕೊಡಿ. ಈ ಬರಹದಲ್ಲಿ ನಾನು ಜಗಳಕ್ಕೆ ನಿಂತಿರೋದು ಗ್ಯಾರೇಜಿನವರ ಜೊತೆ ಅಲ್ಲ, ನಿಮ್ಮ ಜೊತೆ.

ನೈರೋಬಿಯಲ್ಲಿ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದ್ರೆ ಸಾರಿನ ಜೊತೆ ಒಂದು ಮಾತು ಬಡಿಸಿಯೇ ಬಡಿಸ್ತಾರೆ: "ಇಲ್ಲಿನ ಫುಂಡಿಗಳೆಲ್ಲ ಕಳ್ಳರು." ಫುಂಡಿ ಅಂದ್ರೆ ಸ್ವಾಹಿಲಿಯಲ್ಲಿ ಕುಶಲಕರ್ಮಿ, ನಮ್ಮ ಮೇಸ್ತ್ರಿ ಇದ್ದ ಹಾಗೆ. ಸುಡುಬಿಸಿಲಲ್ಲಿ, ರಸ್ತೆ ಬದಿಯಲ್ಲೇ ಕೆಲಸ ಮಾಡೋರಿಗೆ ಜುವಾ ಕಾಲಿ ಅಂತಾರೆ. ಆ ಮಾತಿನ ಅರ್ಥವೇ ಸುಡುಬಿಸಿಲು. ಅವರ ಮೇಲೆ ನಮ್ಮ ದೂರು ಏನು? ಒಂದಾದ ಮೇಲೆ ಒಂದು ಪಾರ್ಟ್ ಬದಲಿಸ್ತಾರೆ, ರೋಗ ಮಾತ್ರ ಹೋಗಲ್ಲ. ನಿಜ, ಹಾಗೆ ಆಗುತ್ತೆ. ಆದ್ರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾರ್ಟ್ ಕೊಂಡು ಗ್ಯಾರೇಜಿಗೆ ಹೊತ್ತುಕೊಟ್ಟವರಿಗೂ ಇದೇ ಕಥೆ ಗೊತ್ತು. ನೈರೋಬಿಯ ಕಿರಿನ್ಯಾಗಾ ರಸ್ತೆ, ಹಳಬರ ಬಾಯಲ್ಲಿ ಇನ್ನೂ ಗ್ರೋಗನ್, ಇಲ್ಲಿನ ಜೆ.ಸಿ. ರಸ್ತೆ ಅಷ್ಟೆ. ಎರಡೂ ಕಡೆ ನಾವು ಒಪ್ಪಿಕೊಂಡಿರೋ ಲೆಕ್ಕ ಒಂದೇ: ಡಬ್ಬದಲ್ಲಿ ಬಂದ ವಸ್ತುವಿಗೆ ದುಡ್ಡು, ತಲೆ ಓಡಿಸಿದ್ದಕ್ಕೆ ಇಲ್ಲ.

ಯೋಚಿಸಿ ನೋಡಿ. ಒಬ್ಬ ಫುಂಡಿ ಎರಡು ಗಂಟೆ ಬಾನೆಟ್ ಒಳಗೆ ತಲೆ ಹಾಕಿ, ಕೊನೆಗೆ ಒಂದು ಸಡಿಲವಾದ ಕ್ಲಿಪ್ ಹುಡುಕಿ ಬಿಗಿ ಮಾಡಿದ. ಅವನಿಗೆ ಎಷ್ಟು ಕೊಡ್ತೀರಿ? "ಒಂದು ಸ್ಕ್ರೂ ತಿರುಗಿಸಿದ್ದಕ್ಕೆ ಇಷ್ಟಾ?" ಅಂತ ಕೇಳಲ್ವಾ? ಅದೇ ಅವನು ಏನೂ ನೋಡದೆ ಸೆಕೆಂಡ್‌ಹ್ಯಾಂಡ್ ಟರ್ಬೊ ತಂದು ಕೂರಿಸಿದ್ರೆ ತುಟಿ ಪಿಟಕ್ ಅನ್ನದೆ ಎಂ-ಪೆಸಾ ಮಾಡ್ತೀರಿ. ಹಾಗಿರುವಾಗ ಅವನು ಯಾಕೆ ಹುಡುಕಬೇಕು? ನಾನು ಹೊಟ್ಟೆಪಾಡಿಗೆ ಡೇಟಾ ಸೈನ್ಸ್ ಮಾಡೋನು. ನಮ್ಮ ಕಸುಬಿನಲ್ಲಿ ಒಂದು ಯಂತ್ರಕ್ಕೆ ಯಾವುದಕ್ಕೆ ಬಹುಮಾನ ಕೊಡ್ತೀವೋ ಅದನ್ನೇ ಅದು ಕಲಿಯುತ್ತೆ. ಮನುಷ್ಯರೂ ಅಷ್ಟು ಬೇರೆ ಅಲ್ಲ.

ಟರ್ಬೊ ವಿಷಯದಲ್ಲಿ ಈ ಚಟ ಯಾಕೆ ಇನ್ನೂ ದುಬಾರಿ ಅಂದ್ರೆ, ಈ ಊರು ಸಮುದ್ರ ಮಟ್ಟದಲ್ಲಿಲ್ಲ. ನೈರೋಬಿ ಸುಮಾರು 1,795 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಮೊಂಬಾಸಾದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ನೈರೋಬಿಯಲ್ಲಿ ಸುಮಾರು 82. ಲಿಮುರು ಕಡೆ ಏರಿದ್ರೆ 78ರ ಆಸುಪಾಸು. ಅಂದ್ರೆ ಎಂಜಿನ್ ಪ್ರತಿ ಸಲ ಉಸಿರೆಳೆದಾಗಲೂ ಕರಾವಳಿಗಿಂತ ಐದನೇ ಒಂದು ಭಾಗ ಗಾಳಿ ಕಡಿಮೆ.

ಟರ್ಬೊ ಮರ್ಯಾದೆ ಸಂಪಾದಿಸಿದ್ದೇ ಈ ಕೊರತೆ ತುಂಬಿಸಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಅದರ ಪೇಟೆಂಟ್ ಪಡೆದಿದ್ದರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಕೊಲೊರಾಡೊದ ಪೈಕ್ಸ್ ಪೀಕ್ ತುದಿಗೆ, ಸುಮಾರು 4,300 ಮೀಟರ್ ಎತ್ತರಕ್ಕೆ ಹೋದರು. ತೆಳು ಗಾಳಿಯಲ್ಲಿ ಕಳೆದುಹೋದ ಶಕ್ತಿಯನ್ನು ಟರ್ಬೊ ವಾಪಸ್ ತರುತ್ತೆ ಅಂತ ಅಲ್ಲಿ ತೋರಿಸಿದರು. ಗಮನಿಸಿ, ಅವರು ಗುಡ್ಡ ಹತ್ತಿದ್ದು ಅಳೆಯೋದಕ್ಕೆ.

ಈಗ ನಿಮ್ಮ ಗಾಡಿಗೆ ಬನ್ನಿ. ಕೆನ್ಯಾದ ನಿಯಮದ ಪ್ರಕಾರ ಎಂಟು ವರ್ಷಕ್ಕಿಂತ ಹಳೆಯ ಕಾರನ್ನು ಆಮದು ಮಾಡೋ ಹಾಗಿಲ್ಲ, ಸ್ಟೀರಿಂಗ್ ಬಲಗಡೆ ಇರಬೇಕು. ಹಾಗಾಗಿ ರಸ್ತೆ ತುಂಬ ಏಳೆಂಟು ವರ್ಷ ಜಪಾನಿನಲ್ಲಿ ಓಡಿ ಬಂದ ಗಾಡಿಗಳು. ಅವುಗಳಲ್ಲಿ ಟರ್ಬೊ ಸುಬಾರುಗಳಿಗೆ ಇಲ್ಲಿ ಭಕ್ತರೇ ಇದ್ದಾರೆ. 1997ರಲ್ಲಿ ಕಾಲಿನ್ ಮೆಕ್‌ರೇ ಸುಬಾರುವಿನಲ್ಲಿ ಸಫಾರಿ ರ‍್ಯಾಲಿ ಗೆದ್ದಿದ್ದನ್ನು ನಿನ್ನೆ ನಡೆದ ಹಾಗೆ ಹೇಳೋ ಟ್ಯಾಕ್ಸಿ ಚಾಲಕರನ್ನು ನೀವೂ ನೋಡಿರ್ತೀರಿ. ಸಮುದ್ರ ಮಟ್ಟದ ಊರುಗಳಲ್ಲಿ ಓಡಿದ ಎಂಜಿನ್, ವಯಸ್ಸಾದ ರಬ್ಬರ್ ಪೈಪುಗಳ ಸಮೇತ ಇಲ್ಲಿಗೆ ಬಂದು ನಿಲ್ಲುತ್ತೆ.

ಲೆಕ್ಕ ಸುಲಭ. ಗಾಡಿಯ ಕಂಪ್ಯೂಟರ್ ಎಂಜಿನ್ ಒಳಗೆ 180 ಕಿಲೋಪಾಸ್ಕಲ್ ಬೇಕು ಅಂತ ಕೇಳ್ತು ಅಂತಿಟ್ಟುಕೊಳ್ಳಿ. ಮೊಂಬಾಸಾದಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 1.78 ಪಟ್ಟು ಒತ್ತಿದ್ರೆ ಸಾಕು. ನೈರೋಬಿಯಲ್ಲಿ ಹತ್ತಿರ ಹತ್ತಿರ 2.2 ಪಟ್ಟು. ಅದೇ ಟರ್ಬೊ ಇಲ್ಲಿ ಇನ್ನೂ ಜೋರಾಗಿ ತಿರುಗಬೇಕು, ಅದರ ವೇಗ ಹಿಡಿದಿಡೋ ವೇಸ್ಟ್‌ಗೇಟ್ ಬಾಗಿಲು ಇನ್ನೂ ಹೆಚ್ಚು ಹೊತ್ತು ಮುಚ್ಚಿರಬೇಕು. ಕೈಯಲ್ಲಿ ಇದ್ದ ಚೂರುಪಾರು ಮಿಗತೆ ಎತ್ತರಕ್ಕೇ ಖರ್ಚಾಗಿ ಹೋಯ್ತು. ಕರಾವಳಿಯಲ್ಲಿ ಗೊತ್ತೇ ಆಗದೆ ಮುಚ್ಚಿಹೋಗ್ತಿದ್ದ ಸಣ್ಣ ಸೋರಿಕೆ ಇಲ್ಲಿ ಬಯಲಿಗೆ ಬರುತ್ತೆ.

ಅದು ಎಳೆದು ಬಿಟ್ಟು ಆಗೋದು ಯಾಕೆ? ದೋಸೆ ಕಾವಲಿ ನೆನಪಿಸಿಕೊಳ್ಳಿ. ದಪ್ಪ ಕಬ್ಬಿಣದ ಕಾವಲಿ ತಡವಾಗಿ ಕಾಯುತ್ತೆ. ಕಾದಿಲ್ಲ ಅಂತ ಉರಿ ಏರಿಸ್ತೀರಿ; ಒಂದು ನಿಮಿಷಕ್ಕೆ ಹೊಗೆ. ಗಾಬರಿಯಾಗಿ ಉರಿ ಇಳಿಸ್ತೀರಿ. ಮುಂದಿನ ದೋಸೆ ಅಂಟಿಕೊಳ್ಳುತ್ತೆ. ಮತ್ತೆ ಏರಿಸ್ತೀರಿ. ತಪ್ಪು ಒಲೆಯದ್ದೂ ಅಲ್ಲ, ಹಿಟ್ಟಿನದ್ದೂ ಅಲ್ಲ, ನಿಮ್ಮ ಕೈಗೂ ಕಾವಲಿಗೂ ನಡುವೆ ಇರೋ ತಡ. ಟರ್ಬೊ ಕಂಪ್ಯೂಟರ್ ಮಾಡೋದೂ ಇದೇ. ಬೂಸ್ಟ್ ಕಡಿಮೆ ಅಂತ ವೇಸ್ಟ್‌ಗೇಟ್ ಮುಚ್ಚಿಸುತ್ತೆ, ಬೂಸ್ಟ್ ಮಿತಿ ದಾಟುತ್ತೆ, ತೆರೆಸುತ್ತೆ, ಕುಸಿಯುತ್ತೆ. ವೇಸ್ಟ್‌ಗೇಟಿಗೆ ಹೋಗೋ ಬೆರಳು ಗಾತ್ರದ ರಬ್ಬರ್ ಪೈಪು ಸೀಳಿದ್ರೆ, ಅದನ್ನು ಆಡಿಸೋ ಸೊಲೆನಾಯ್ಡ್ ಕವಾಟ ಕೊಳೆ ಹಿಡಿದು ಅಂಟಿಕೊಳ್ತಿದ್ರೆ, ಆ ತಡ ಹೆಚ್ಚಾಗುತ್ತೆ. ನಿಮಗೆ ಸೀಟಿನಲ್ಲಿ ಉಯ್ಯಾಲೆ.

ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಸರ್ಜ್ ಅನ್ನೋ ಪದಕ್ಕೆ ಟರ್ಬೊ ಲೋಕದಲ್ಲಿ ಇನ್ನೊಂದು ಅರ್ಥ ಇದೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಳಿ ಹಿಂದಕ್ಕೆ ನುಗ್ಗಿ ಪಟಪಟ ಸದ್ದು ಮಾಡೋದು, ಅದು ಕಂಪ್ರೆಸರ್ ಸರ್ಜ್. ನಮ್ಮ ರೋಗ ಕಾಲು ಒತ್ತಿಯೇ ಇದ್ದಾಗ ಬರೋದು. ಇವೆರಡನ್ನೂ ಕಲೆಸಿಕೊಂಡು ಬ್ಲೋ-ಆಫ್ ವಾಲ್ವ್ ತರಿಸಿಕೊಂಡು ಕೂತಿರೋರು ಕಡಿಮೆಯಿಲ್ಲ. ಅದಕ್ಕೇ ಲಕ್ಷಣ ಹೇಳೋ ಭಾಷೆ ಮುಖ್ಯ. "ಪಿಕಪ್ ಇಲ್ಲ" ಬೇರೆ, "ಮಿಸ್ ಹೊಡೀತಿದೆ" ಬೇರೆ, "ಎಳೆದು ಎಳೆದು ಬಿಡುತ್ತೆ" ಬೇರೆ. ಸ್ವಾಹಿಲಿಯಲ್ಲೂ ಕಾರಿಗೆ ಗಾರಿ ಅಂತಾರೆ, ನಮ್ಮ ಗಾಡಿಯ ನೆಂಟ. ಆ ಒಂದು ಪದದಿಂದ ಶುರು ಮಾಡಿ, ಯಾವ ಗೇರು, ಎಷ್ಟು ಆರ್‌ಪಿಎಂ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಅಂತ ಹೇಳಿ. "ಪೀಮಾ ಕ್ವಾನ್ಜಾ" ಅನ್ನಿ. ಮೊದಲು ಅಳೆ ಅಂತ ಅರ್ಥ.

ಅಳೆಯೋದು ಅಂದ್ರೆ ಏನು? ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಏನು ಹೇಳುತ್ತೆ ಅಂತ ಓದಿಸಿ. ನೈರೋಬಿಯಲ್ಲಿ 82ರ ಹತ್ತಿರ ಇದ್ರೆ ಸೆನ್ಸರ್ ಸರಿಯಾಗಿದೆ. ಪುಸ್ತಕದಲ್ಲಿ 101 ಅಂತಿದೆ, ಇಲ್ಲಿ 82 ತೋರಿಸ್ತಿದೆ, ಸೆನ್ಸರ್ ಹೋಗಿದೆ ಅಂತ ಒಂದು ಗ್ಯಾರೇಜಿನಲ್ಲಿ ನನ್ನ ಮುಂದೆಯೇ ಹೇಳಿದ್ರು. ಆ ಸೆನ್ಸರ್ ಹೇಳ್ತಿದ್ದದ್ದು ಈ ಊರಿನ ಎತ್ತರ.

ಆಮೇಲೆ ಖಾಲಿ ಏರುರಸ್ತೆಯಲ್ಲಿ, ವೇಗದ ಮಿತಿಯೊಳಗೆ, ಒಂದೇ ಗೇರಿನಲ್ಲಿ ಗಾಡಿ ಎಳೆಸಿ, ದಾಖಲೆ ಮಾಡಿಸಿ. ಫೋನು ಪಕ್ಕದವರ ಕೈಯಲ್ಲಿರಲಿ. ಅಗ್ಗದ ಬ್ಲೂಟೂತ್ ಓಬಿಡಿ ಅಡಾಪ್ಟರ್ ನಿಧಾನ; ಹತ್ತು ಅಂಕಿ ಒಟ್ಟಿಗೆ ಕೇಳಿದ್ರೆ ಪ್ರತಿಯೊಂದೂ ಅಪರೂಪಕ್ಕೊಮ್ಮೆ ಬರುತ್ತೆ, ಸೆಕೆಂಡಿಗೆ ಎರಡು ಸಲ ಏರಿಳಿಯೋ ಅಲೆ ಅದರಲ್ಲಿ ಕಾಣೋದೇ ಇಲ್ಲ. ಗ್ರಾಫ್ ನೀಟಾಗಿದೆ, ಗಾಡಿ ಮಾತ್ರ ಕುಣೀತಿದೆ! ಹಾಗಾಗಿ ಒಂದು ಸಲಕ್ಕೆ ಮೂರು ನಾಲ್ಕು ಅಂಕಿ ಸಾಕು: ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಇಗ್ನಿಷನ್ ಟೈಮಿಂಗ್, ಇಂಧನದ ಒತ್ತಡ. ಕೇಳಿದ ಬೂಸ್ಟ್ ಎಲ್ಲ ಆಪ್‌ನಲ್ಲೂ ಸಿಗಲ್ಲ, ಆ ಕಂಪನಿಯ ಗಾಡಿಗೆ ತಕ್ಕದ್ದೇ ಬೇಕಾಗಬಹುದು.

ಸಿಕ್ಕ ಬೂಸ್ಟ್ ಕೇಳಿದ್ದರ ಸುತ್ತ ಮೇಲೆ ಕೆಳಗೆ ಆಡ್ತಿದ್ರೆ ನಿಯಂತ್ರಣದಲ್ಲಿ ದೋಷ: ಸೊಲೆನಾಯ್ಡ್, ಸಣ್ಣ ಪೈಪು, ವೇಸ್ಟ್‌ಗೇಟ್. ಆಡದೆ ಒಂದೇ ಸಮ ಕಮ್ಮಿಯೇ ಇದ್ರೆ ಸೋರಿಕೆ ಹುಡುಕಿ, ಟರ್ಬೊ ಮೇಲೆ ಅನುಮಾನ ಆಮೇಲೆ. ಬೂಸ್ಟ್ ನೇರವಾಗಿದ್ದೂ ಗಾಡಿ ಕುಣಿದ್ರೆ ಟರ್ಬೊ ನಿರಪರಾಧಿ. ಆಗ ಟೈಮಿಂಗ್ ಗೆರೆ ನೋಡಿ. ಅದು ಗರಗಸದ ಹಲ್ಲಿನ ಹಾಗಿದ್ರೆ ಎಂಜಿನ್ ನಾಕ್ ಆಗ್ತಿದೆ, ಕಂಪ್ಯೂಟರ್ ಹಿಂದೆ ಎಳೆದು ಮತ್ತೆ ಬಿಡ್ತಿದೆ. ಜಪಾನಿನಲ್ಲಿ ಪೆಟ್ರೋಲು ಎರಡು ಬಗೆ: ರೆಗ್ಯುಲರ್ ಆಕ್ಟೇನ್ ಕನಿಷ್ಠ 89, ಹೈ-ಆಕ್ಟೇನ್ ಕನಿಷ್ಠ 96. ಟರ್ಬೊ ಗಾಡಿಗಳಿಗೆ ಬಹಳಷ್ಟು ಸಲ ಎರಡನೆಯದೇ ಬೇಕು. ಟ್ಯಾಂಕ್ ಮುಚ್ಚಳದ ಹತ್ತಿರ ಅದನ್ನೇ ಬರೆದಿರ್ತಾರೆ, ಜಪಾನೀ ಲಿಪಿಯಲ್ಲಿ. ಓದಿಸಿಕೊಂಡಿದ್ದೀರಾ? ಟೈಮಿಂಗೂ ನೇರ, ಇಂಧನದ ಒತ್ತಡ ಮಾತ್ರ ಕುಸೀತಿದ್ರೆ ಪಂಪು, ಫಿಲ್ಟರು. ಎಲ್ಲ ಸರಿಯಿದ್ದು ಆರ್‌ಪಿಎಂ ಏರಿ ವೇಗ ಏರದಿದ್ರೆ ಕ್ಲಚ್ಚೋ ಗೇರ್‌ಬಾಕ್ಸೋ ಜಾರ್ತಿದೆ. ಪ್ಲಗ್, ಕಾಯಿಲ್ ಬಗ್ಗೆ ಒಂದೇ ಮಾತು: ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಿಸೋದು ಕಷ್ಟ, ಹಾಗಾಗಿ ನಿಂತಲ್ಲಿ ಚೆನ್ನಾಗಿರೋ ಕಾಯಿಲ್ ಬೂಸ್ಟ್‌ನಲ್ಲಿ ಕೈಕೊಡಬಹುದು. ಮಿಸ್‌ಫೈರ್ ಎಣಿಕೆ ನೋಡಿದ್ರೆ ಅದೂ ಗೊತ್ತಾಗುತ್ತೆ.

ಪಾರ್ಕ್‌ಲ್ಯಾಂಡ್ಸ್‌ನ ಪರಿಚಯದವರೊಬ್ಬರ ಎರಡು ಲೀಟರ್ ಟರ್ಬೊ ಗಾಡಿಗೆ ಇದೇ ಕಾಯಿಲೆ. ಒಂದು ಕಡೆ ಪ್ಲಗ್ಗು, ಕಾಯಿಲ್ಲು ಹಾಕಿದ್ರು. ಇನ್ನೊಂದು ಕಡೆ ಗಾಳಿ ಅಳೆಯೋ ಸೆನ್ಸರ್. ಮೂರನೆಯವರು ಟರ್ಬೊ ಹೋಗಿದೆ ಅಂದ್ರು. ಕೊನೆಗೆ ದಾಖಲೆ ಮಾಡಿ ನೋಡಿದ್ರೆ ಸಿಕ್ಕ ಬೂಸ್ಟ್ ಕೇಳಿದ್ದರ ಸುತ್ತ ಹಾವಿನ ಹಾಗೆ ಹರಿದಾಡ್ತಿತ್ತು. ಒಬ್ಬ ಜುವಾ ಕಾಲಿ ಫುಂಡಿ ಪಿವಿಸಿ ಮುಚ್ಚಳಕ್ಕೆ ಟೈರಿನ ವಾಲ್ವ್ ಕೂರಿಸಿಕೊಂಡು, ಟರ್ಬೊ ಬಾಯಿಗೆ ಸಿಕ್ಕಿಸಿ, ಹದವಾಗಿ ಗಾಳಿ ತುಂಬಿದ. ಒಂದು ಬಾರ್ ಒತ್ತಡದ ಮೇಲೆ ಹೋಗಲೇ ಇಲ್ಲ, ಹೋಗಲೂಬಾರದು. ಪೈಪುಗಳ ಮೇಲೆ ಸೋಪಿನ ನೀರು ಸುರಿದ. ವೇಸ್ಟ್‌ಗೇಟಿನ ಪೈಪಿನ ತಿರುವಿನಲ್ಲಿ ಗುಳ್ಳೆ ಎದ್ದವು. ಒಂದು ಗೇಣು ಪೈಪು, ಎರಡು ಕ್ಲಿಪ್ಪು, ಮುಗೀತು. ಅವನು ಒಂದು ಗಂಟೆಯ ಕೂಲಿ ಕೇಳಿದ. ನಮ್ಮವರು ಚೌಕಾಸಿಗೆ ಇಳಿದ್ರು. ಅದಕ್ಕೂ ಮೊದಲು ಕೊಂಡ ಪ್ಲಗ್ಗಿಗೆ, ಕಾಯಿಲ್ಲಿಗೆ, ಸೆನ್ಸರಿಗೆ ಅವರು ಚೌಕಾಸಿ ಮಾಡಿರಲಿಲ್ಲ.

"ನಮ್ಮ ಮೆಕ್ಯಾನಿಕ್ ಹತ್ರ ಸ್ಕ್ಯಾನರ್ ಇದೆ, ಕೋಡ್ ಓದ್ತಾನೆ" ಅಂತೀರಿ. ಕೋಡ್ ಅಂದ್ರೆ ದೂರು, ತೀರ್ಪಲ್ಲ. "ಬೂಸ್ಟ್ ಕಡಿಮೆ" ಅಂತ ಕೋಡ್ ಬಂದ್ರೆ ಟರ್ಬೊ ಹಾಕೋದು, ಜ್ವರ ಅಂತ ಬಂದವನಿಗೆ ಥರ್ಮಾಮೀಟರ್ ಬದಲಿಸಿದಷ್ಟೇ ಜಾಣತನ. ಇನ್ನು "ಮೂರೂ ಒಟ್ಟಿಗೆ ಬದಲಿಸಿಬಿಡೋಣ, ತಲೆನೋವು ಬೇಡ" ಅನ್ನೋರು. ಸರಿಹೋದ್ರೂ ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ. ಸರಿಹೋಗದಿದ್ರೆ ಗ್ರೋಗನ್‌ನಲ್ಲಿ ಕೊಂಡ ಆ ಸೆಕೆಂಡ್‌ಹ್ಯಾಂಡ್ ಪಾರ್ಟ್ ತನ್ನದೇ ಹೊಸ ರೋಗ ತಂದಿದ್ಯಾ ಅನ್ನೋ ಅನುಮಾನವೂ ತಲೆಗೆ ಹತ್ತುತ್ತೆ. "ಸ್ವಲ್ಪ ಜಗ್ಗುತ್ತೆ, ಪರವಾಗಿಲ್ಲ, ಓಡುತ್ತಲ್ಲ" ಅನ್ನೋರಿಗೆ ಒಂದೇ ಪ್ರಶ್ನೆ: ನಕುರು ರಸ್ತೆಯಲ್ಲಿ ಎದುರು ಲೇನಿಗೆ ಇಳಿದು ಟ್ರಕ್ ದಾಟುವಾಗ, ಅರ್ಧ ದಾರಿಯಲ್ಲಿ ಗಾಡಿ ಎಳೆಯೋದು ಬಿಟ್ರೆ? ಹಿಂದಿನ ಸೀಟಿನಲ್ಲಿ ಮಕ್ಕಳಿರ್ತಾರೆ.

ಗ್ಯಾರೇಜಿಗೆ ಹೋದಾಗ ಬೆಲೆ ಮೊದಲೇ ಮಾತಾಡಿ: ಹುಡುಕೋದಕ್ಕೆ ಇಷ್ಟು, ಸಿಗಲಿ ಬಿಡಲಿ, ಪಾರ್ಟ್ ಹಾಕಿದ್ರೂ ಹಾಕದಿದ್ರೂ ಇಷ್ಟು. ಪಾರ್ಟ್ ಹಾಕೋ ಮುಂಚಿನದ್ದು ಒಂದು, ಹಾಕಿದ ಮೇಲಿನದ್ದು ಒಂದು, ಎರಡು ದಾಖಲೆ ಬೇಕು ಅನ್ನಿ. ಒಪ್ಪದವರ ಹತ್ತಿರ ಬಿಡಬೇಡಿ. ಗಾಡಿ ಚೆನ್ನಾಗಿ ಓಡ್ತಿರೋರು ಈ ಶನಿವಾರವೇ ಒಂದು ದಾಖಲೆ ತೆಗೆದಿಟ್ಟುಕೊಳ್ಳಿ. ಆರೋಗ್ಯವಾಗಿದ್ದಾಗಿನ ಗೆರೆ ಇಲ್ಲದಿದ್ರೆ ಕಾಯಿಲೆಯ ಗೆರೆಯನ್ನು ಯಾವುದಕ್ಕೆ ಹೋಲಿಸ್ತೀರಿ? ತಾರೀಖು, ಯಾವ ಬಂಕಿನ ಪೆಟ್ರೋಲು, ಯಾವ ರಸ್ತೆ ಅಂತ ಜೊತೆಗೆ ಬರೆದಿಡಿ. ಡಿಸೆಂಬರಿನಲ್ಲಿ ಮೊಂಬಾಸಾಗೆ ಹೋದಾಗ ಇನ್ನೊಂದು ತೆಗೀರಿ. ಅಲ್ಲಿ ಕೀ ತಿರುಗಿಸಿದ ತಕ್ಷಣ ಅದೇ ಸೆನ್ಸರ್ 101 ಅನ್ನುತ್ತೆ.