ಟ್ಯಾಬ್ ಕೊಟ್ರಿ, ಕಲಿಸೋರು ಎಲ್ಲಿ?

2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತನ್ನ ಕಾಲೇಜುಗಳ 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರು ಮಾಡಿತು. ಫೋಟೊ ತೆಗೆದು ಸುದ್ದಿ ಕಳಿಸಿದವರಲ್ಲಿ ನಾನೂ ಒಬ್ಬ. ಬಳಸೋದನ್ನು ಕಲಿಸುವವರು ಯಾರು ಅಂತ ಅಂದು ಕೇಳಲಿಲ್ಲ. ಅದು ನನ್ನ ತಪ್ಪು.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಪದವಿ ಮುಗಿಸಿದವರೂ ನೌಕರಿ ಅರ್ಜಿ ತುಂಬಲು ಸೈಬರ್ ಸೆಂಟರ್‌ಗೆ ದುಡ್ಡು ಕೊಡುತ್ತಾರೆ. ಎಷ್ಟೋ ಮಂದಿಯ ಪಾಸ್‌ವರ್ಡ್ ಕೂಡ ಅಲ್ಲಿಯೇ ಇರುತ್ತದೆ. ಇದು ಹುಡುಗರ ದಡ್ಡತನವಲ್ಲ, ಹಂಚಿ ಕೈತೊಳೆದುಕೊಂಡವರ ಬೇಜವಾಬ್ದಾರಿ.

ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಕಂಪ್ಯೂಟರ್ ಬಂದಿವೆ. ಅವನ್ನು ರಾತ್ರಿ ಎಂಟರವರೆಗೆ ತೆರೆದಿಡಿ. ಸಂಬಳ ಕೊಟ್ಟು ಕಲಿಸುವವರನ್ನು ನೇಮಿಸಿ. ಎತ್ತು ಕೊಟ್ಟು, ಕೂರಿಗಿ ಕೊಡದೆ, ಬಿತ್ತು ಅಂದ್ರೆ ಹೆಂಗ್ರಿ?