ಅಪ್ರೆಂಟಿಸ್‌ಗಳಿಗೂ ಮನ್ನಣೆ ಸಿಗಲಿ

2022ರ ಸೆಪ್ಟೆಂಬರ್ 17ರ ವಿಶ್ವಕರ್ಮ ಜಯಂತಿಯಂದು ಆರಂಭವಾದ ಕೌಶಲ ದೀಕ್ಷಾಂತ ಸಮಾರಂಭಗಳಲ್ಲಿ ಐಟಿಐ ಪರೀಕ್ಷೆಯ ಮೊದಲಿಗರಿಗೆ ಗೌರವ ಸಲ್ಲುತ್ತಿದೆ. ಸ್ವಾಗತಾರ್ಹ. ಆದರೆ ಅವರೇ ಅಪ್ರೆಂಟಿಸ್‌ಗಳಾಗಿ ಕಾರ್ಖಾನೆ, ಬಸ್ ವರ್ಕ್‌ಶಾಪ್ ಸೇರಿದ ಮೇಲೆ ತೋರುವ ಕೈಚಳಕವನ್ನು ಗುರುತಿಸುವವರು ಕಡಿಮೆ. ಅಂಕ ಹೇಳುವ ಪ್ರಮಾಣಪತ್ರ ಕೆಲಸದ ಗುಣವನ್ನು ಹೇಳದು. ಊರಲ್ಲಿ ಬೆಲೆ ಸಿಗದ ಕುಶಲಕರ್ಮಿ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಿಂದ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಬಸ್ ಹತ್ತಿದರೆ ಅಚ್ಚರಿಯೇನು?

ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಉದ್ಯೋಗದಾತರೂ ತಮ್ಮದೇ ನೀತಿ ರೂಪಿಸಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿ ವಿಧಿಸಿದೆ. ಶಾಲು, ಹಾರಕ್ಕಿಂತ ಅದೇ ಮುಖ್ಯ. ಹಾಸನದ ಕೆಎಸ್‌ಆರ್‌ಟಿಸಿ ಪ್ರಾದೇಶಿಕ ಕಾರ್ಯಾಗಾರದಂಥ ಸಾರ್ವಜನಿಕ ಸಂಸ್ಥೆಗಳು ಉತ್ತಮ ಅಪ್ರೆಂಟಿಸ್‌ಗಳ ಸಾಧನೆಯನ್ನು ಲಿಖಿತವಾಗಿ ದಾಖಲಿಸಿ, ನೇಮಕದಲ್ಲಿ ಅದನ್ನು ಪರಿಗಣಿಸಬೇಕು.