ಸವೆದ ಗುಂಡಿಗೆ ಹೊಸ ಬೀಗವೇಕೆ?

ಕಾರಿನ ರಿಮೋಟ್ ಕೀಲಿಕೈಯಲ್ಲಿ ಒಂದು ಗುಂಡಿ ಸವೆದರೆ ಇಡೀ ಕೀಲಿಕೈಯನ್ನೇ, ಕೆಲವೊಮ್ಮೆ ಬಾಗಿಲುಗಳ ಬೀಗಗಳನ್ನೂ ಸೇರಿಸಿ, ಬದಲಾಯಿಸಬೇಕು ಎಂಬ ಮಾತು ತಾಂತ್ರಿಕ ಸತ್ಯವಲ್ಲ. ಅದೊಂದು ವ್ಯಾಪಾರದ ನಿಲುವು. ಹವಾನಿಯಂತ್ರಿತ ಕೋಣೆಯಲ್ಲಿ, ಒಂದು ಲೋಟ ಕಾಫಿಯ ಜೊತೆಗೆ, ಸಮವಸ್ತ್ರ ಧರಿಸಿದ ಯುವಕನೊಬ್ಬ ಗಣಕಯಂತ್ರ ನೋಡಿ ಹೇಳುವುದರಿಂದ ಅದು ಸತ್ಯದಂತೆ ಕೇಳಿಸುತ್ತದೆ. ದೆಹಲಿಯ ಒಂದು ಅಧಿಕೃತ ಸೇವಾಕೇಂದ್ರದಲ್ಲಿ ನನಗೂ ಅದನ್ನು ಹಾಗೆಯೇ ಹೇಳಿದರು: ಬಿಡಿಭಾಗ ದೊರೆಯುವುದಿಲ್ಲ, ಹೊಸದನ್ನು ತರಿಸಬೇಕು, ಸುಮಾರು 8,000 ರೂಪಾಯಿ. ನನ್ನ ಕೀಲಿಕೈಯಲ್ಲಿ ಹರಿದಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ಅಗಲದ ರಬ್ಬರು.

ಕನ್ನಡದಲ್ಲಿ ನಾವು ಅದನ್ನು ಬೀಗದ ಕೈ ಎನ್ನುತ್ತೇವೆ, ಉತ್ತರ ಕರ್ನಾಟಕದವರು ಕೀಲಿಕೈ ಎನ್ನುತ್ತಾರೆ. ಎರಡರಲ್ಲೂ ಕೈ ಇದೆ. ಬೀಗ ಯಾರದೋ ಕೈಯೂ ಅವರದೇ ಎಂಬ ನ್ಯಾಯ ಆ ಪದದೊಳಗೇ ಅಡಗಿದೆ. ಈಗ ಬೀಗ ನಮ್ಮದು, ಕೈ ಮಾತ್ರ ಕಂಪನಿಯದು ಎಂಬ ಸ್ಥಿತಿ ಬಂದಿದೆ.

ಈ ವಸ್ತುವಿನ ಒಳಗೇನಿದೆ ಎಂಬುದನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ಅದು ಒಂದು ವಸ್ತುವಲ್ಲ, ಒಂದೇ ಕವಚದೊಳಗೆ ಕೂಡಿಸಿಟ್ಟ ಮೂರು ವಸ್ತುಗಳು. ಮೊದಲನೆಯದು ಲೋಹದ ಅಲಗು. ನಮ್ಮ ಅಜ್ಜನ ಕಾಲದ ಕೀಲಿಕೈಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಎರಡನೆಯದು ಬಾಗಿಲು ತೆರೆದು ಮುಚ್ಚುವ ಪುಟ್ಟ ರೇಡಿಯೋ ಪ್ರೇಷಕ. ಒಂದು ನಾಣ್ಯದಾಕಾರದ ಬ್ಯಾಟರಿಯಿಂದ ಅದು ನಡೆಯುತ್ತದೆ. ಮೂರನೆಯದು, ಬಹುಮಂದಿಗೆ ಅದರ ಇರವೇ ತಿಳಿಯದು, ಟ್ರಾನ್ಸ್‌ಪಾಂಡರ್ ಎಂಬ ಚಿಪ್. ಅದಕ್ಕೆ ಬ್ಯಾಟರಿಯೇ ಬೇಡ. ಕೀಲಿಕೈಯನ್ನು ತೂರಿಸುವ ಜಾಗದ ಸುತ್ತಲಿನ ತಂತಿಸುರುಳಿಯಿಂದಲೇ ಅದು ಶಕ್ತಿ ಪಡೆದು, ತನ್ನ ಗುರುತು ಹೇಳಿ, ಇಂಜಿನ್ ಚಾಲೂ ಆಗಲು ಅಪ್ಪಣೆ ಕೊಡಿಸುತ್ತದೆ. ಆದ್ದರಿಂದಲೇ ರಿಮೋಟ್ ಸತ್ತರೂ ಕಾರು ಓಡುತ್ತದೆ. ಗುಂಡಿ ಒತ್ತಿ ಚಾಲೂ ಮಾಡುವ ಹೊಸ ಮಾದರಿಯ ಕಾರುಗಳಲ್ಲಿಯೂ ಸಾಮಾನ್ಯವಾಗಿ ರಿಮೋಟಿನೊಳಗೆ ಒಂದು ಅಲಗು ಅಡಗಿರುತ್ತದೆ. ಬ್ಯಾಟರಿ ಮುಗಿದಾಗ ರಿಮೋಟನ್ನು ಆ ಗುಂಡಿಗೆ ತಾಗಿಸಿ ಹಿಡಿದರೆ ಬಹುತೇಕ ಕಾರುಗಳು ಚಾಲೂ ಆಗುತ್ತವೆ.

ಈ ಮೂರರಲ್ಲಿ ಬೆಲೆಯುಳ್ಳದ್ದು ಚಿಪ್ ಮತ್ತು ಪ್ರೇಷಕ. ಅವು ಸವೆಯುವುದು ಅಪರೂಪ. ಸವೆಯುವುದು ರಬ್ಬರು, ಬಿರುಕು ಬಿಡುವುದು ಪ್ಲಾಸ್ಟಿಕ್ ಕವಚ, ಸಡಿಲವಾಗುವುದು ಅಲಗನ್ನು ಹೊರಚಿಮ್ಮಿಸುವ ಸ್ಪ್ರಿಂಗು, ಬರಿದಾಗುವುದು ಬ್ಯಾಟರಿ. ಎಂದರೆ ಕೆಡುವುದೆಲ್ಲ ಅಗ್ಗದ ಭಾಗ, ಮಾರುವುದೆಲ್ಲ ದುಬಾರಿಯ ಭಾಗ. ಸಿಆರ್ 2032 ಎಂಬ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲಿ 100 ರೂಪಾಯಿಯೊಳಗೆ ದೊರೆಯುತ್ತದೆ. (ನಿಮ್ಮದರಲ್ಲಿ 2025 ಅಥವಾ 1620 ಇರಬಹುದು, ಹಳೆಯದರ ಬೆನ್ನಮೇಲೆ ಸಂಖ್ಯೆ ಕೆತ್ತಿರುತ್ತದೆ.) ಅದನ್ನು ಬದಲಾಯಿಸುವ ವಿಧಾನವನ್ನು ಕಾರಿನ ಕೈಪಿಡಿಯೇ ಸಾಮಾನ್ಯವಾಗಿ ವಿವರಿಸುತ್ತದೆ, ಅದರಿಂದ ವಾರಂಟಿ ಹೋಗುವುದೆಂಬ ಬೆದರಿಕೆಗೆ ಅರ್ಥವಿಲ್ಲ. ಬ್ಯಾಟರಿ ಹೊಸದಾದರೂ ಗುಂಡಿ ಕೆಲಸ ಮಾಡದಿದ್ದರೆ ಫಲಕದ ಮೇಲಿನ ಸಣ್ಣ ಸ್ವಿಚ್ಚು ಸವೆದಿರಬಹುದು, ಇಲ್ಲವೇ ಅದರ ಬೆಸುಗೆ ಬಿಟ್ಟಿರಬಹುದು. ಸ್ವಿಚ್ಚಿನ ಬೆಲೆ ಕೆಲವೇ ರೂಪಾಯಿ. ಮೊಬೈಲ್ ದುರಸ್ತಿ ಮಾಡುವ ಯಾವ ಹುಡುಗನಾದರೂ ಕಾಲು ಗಂಟೆಯಲ್ಲಿ ಹೊಸದನ್ನು ಬೆಸೆದುಕೊಡುತ್ತಾನೆ.

ನನ್ನ ಕೀಲಿಕೈಗೆ ಹೊಸ ಕವಚ ದೊರೆತದ್ದು ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಯಲ್ಲಿ, ಕೂಲಿಯೂ ಸೇರಿ 450 ರೂಪಾಯಿಗೆ. ಚೆನ್ನೈಯವರಿಗೆ ಪುದುಪೇಟೆ ಇದೆ, ರಿಚಿ ಸ್ಟ್ರೀಟ್ ಇದೆ. ಪುಣೆಯವರಿಗೆ ನಾನಾ ಪೇಠ್, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ. ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆ. ಅಂಗಡಿಯವನು ಹಳೆಯ ಕವಚವನ್ನು ಸೀಳಿ, ಒಳಗೆ ಅಂಟಿಕೊಂಡಿದ್ದ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ಪನ್ನು ಚಿಮುಟದಿಂದ ಎತ್ತಿ ಹೊಸದರೊಳಗೆ ಇಟ್ಟ ನಾಜೂಕನ್ನು ನಾನು ನಿಂತು ನೋಡಿದೆ. ಅದನ್ನು ಮರೆತು ಹಳೆಯ ಕವಚವನ್ನು ಎಸೆದರೆ ಬಾಗಿಲು ತೆರೆಯುತ್ತದೆ, ಕಾರು ಮಾತ್ರ ಹೊರಡುವುದಿಲ್ಲ. ಅಂತರಜಾಲದಲ್ಲಿ ಕವಚ ತರಿಸಿಕೊಂಡು ಮನೆಯಲ್ಲೇ ಬದಲಾಯಿಸಹೊರಡುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ನಾನು ಕೇಂದ್ರ ಸರ್ಕಾರದ ನೌಕರ. ನಮ್ಮ ಕಚೇರಿಯಲ್ಲಿ ಮುರಿದ ಕುರ್ಚಿಯೊಂದನ್ನು ನಿರುಪಯೋಗಿ ಎಂದು ಘೋಷಿಸಬೇಕಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದಕ್ಕೆ ಕಾರಣವನ್ನು ದಾಖಲಿಸಬೇಕು. ಸರ್ಕಾರದ ಕಡತಗಳನ್ನು ನೋಡಿ ನಗುವವರಿಗೆ ನನ್ನ ಪ್ರಶ್ನೆ: ನಿಮ್ಮ 8,000 ರೂಪಾಯಿಯ ಕೀಲಿಕೈಯನ್ನು ನಿರುಪಯೋಗಿ ಎಂದವನು ಯಾವ ಕಾರಣವನ್ನು ಎಲ್ಲಿ ಬರೆದುಕೊಟ್ಟ?

ಅವರು ಬಾಯಿಮಾತಿನಲ್ಲಿ ಕೊಡುವ ಕಾರಣ ಒಂದಿದೆ, ಭದ್ರತೆ. ಹೊರಗಿನವರ ಕೈಗೆ ಕೀಲಿಕೈ ಕೊಟ್ಟರೆ ಕಳ್ಳರಿಗೆ ದಾರಿಯಾಗುತ್ತದೆ ಎನ್ನುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ದೆಹಲಿಯಲ್ಲಿ ಕಾರು ನಿಲ್ಲಿಸುವವರಂತೂ ತಳ್ಳಿಹಾಕಲಾರರು. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳನ್ನು ಬೇಕೆಂದೇ ಒಂದಾಗಿಸಲಾಗಿದೆ. ಕೀಲಿಕೈ ಕಳೆದುಹೋಗುವುದು ಬೇರೆ, ಸವೆಯುವುದು ಬೇರೆ. ಕಳೆದುಹೋದಾಗ ಹೊಸ ಚಿಪ್ಪನ್ನು ಕಾರಿನ ಸ್ಮೃತಿಗೆ ಪರಿಚಯಿಸಬೇಕು, ಹಳೆಯದನ್ನು ಅಲ್ಲಿಂದ ಅಳಿಸಬೇಕು. ಆ ಕೆಲಸಕ್ಕೆ ಕಂಪನಿಯ ಕೇಂದ್ರಕ್ಕೇ ಹೋಗುವೆನೆಂದರೆ ನಾನು ತಕರಾರು ಮಾಡುವುದಿಲ್ಲ. ನುರಿತ ಸ್ವತಂತ್ರ ಕೆಲಸಗಾರನಲ್ಲಿಗೆ ಹೋದರೂ ಕೆಲಸ ಮುಗಿಯುವವರೆಗೆ ಎದುರಿಗೇ ಇರಬೇಕು. ಆದರೆ ರಬ್ಬರು, ಕವಚ, ಸ್ವಿಚ್ಚು ಬದಲಾಯಿಸುವಾಗ ಯಾವ ಗುಪ್ತಸಂಕೇತವನ್ನೂ ಯಾರೂ ಮುಟ್ಟುವುದಿಲ್ಲ. ರಬ್ಬರಿಗೂ ಕಳ್ಳತನಕ್ಕೂ ಎಲ್ಲಿಯ ನಂಟು?

ಈ ಜಗಳ ನನ್ನೊಬ್ಬನದಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ಹಿಡಿದಿಟ್ಟದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಮೇಲ್ಮನವಿಗಳ ಪುರಾಣ ಅನಂತರದ್ದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿ ರಚಿಸಿ, ಅದೇ ವರ್ಷ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಅದು ಗುರುತಿಸಿದ ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದು. ಹಕ್ಕನ್ನು ಜಾಲತಾಣದಲ್ಲಿ ಬರೆದುಬಿಟ್ಟರೆ ಕೌಂಟರಿನ ಹಿಂದೆ ನಿಂತವನ ಮಾತು ಬದಲಾಗದು ಎಂಬುದು ಬೇರೆ ಮಾತು.

ತಯಾರಕರಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ನಮ್ಮವರ ಮೇಲೆ. ಹೊರನಾಡಿಗೆ ಬಂದು ನಾಲ್ಕು ಕಾಸು ಕಂಡ ನಾವು ದುರಸ್ತಿಯನ್ನು ಬಡತನದ ಗುರುತೆಂದು ಭಾವಿಸತೊಡಗಿದ್ದೇವೆ. ಕೊಡೆ ರಿಪೇರಿಯವನು, ಪಾತ್ರೆಗೆ ಕಲಾಯಿ ಹಾಕುವವನು ಬೀದಿಗೆ ಬಂದರೆ ಮನೆಯಿಂದ ಹೊರಗೆ ಓಡಿಹೋಗುತ್ತಿದ್ದ ಮಕ್ಕಳೇ ನಾವು. ಇಂದು ಪೇಟೆಯ ಗಲ್ಲಿಯಲ್ಲಿ ಸ್ಟೂಲಿನ ಮೇಲೆ ಕುಳಿತವನ ಕೈಗೆ ಕೀಲಿಕೈ ಕೊಡಲು ಅಂಜುತ್ತೇವೆ, ಹೋಟೆಲಿನ ಬಾಗಿಲಲ್ಲಿ ಹೆಸರೂ ಕೇಳದೆ ಕಾರು ನಿಲ್ಲಿಸುವವನಿಗೆ ಅದೇ ಕೀಲಿಕೈಯನ್ನು ಸಂತೋಷದಿಂದ ಎಸೆಯುತ್ತೇವೆ! ಭಾಷೆ ಬಾರದೆಂಬ ಅಳುಕೂ ಇರಬಹುದು. ಪುಣೆಯಲ್ಲಿ ದುರುಸ್ತಿ ಎಂದರೆ ಸಾಕು, ಅದು ನಮ್ಮದೇ ದುರಸ್ತಿ. ದೆಹಲಿಯಲ್ಲಿ, ಹೈದರಾಬಾದಿನಲ್ಲಿ ಮರಮ್ಮತ್ ಎನ್ನಿ.

ತಯಾರಕರಿಂದ ಕೇಳಬೇಕಾದದ್ದೇನೂ ದೊಡ್ಡದಲ್ಲ. ರಬ್ಬರನ್ನೂ ಕವಚವನ್ನೂ ಬಿಡಿಭಾಗಗಳ ಪಟ್ಟಿಯಲ್ಲಿ ಬೇರೆಯಾಗಿ ಸೇರಿಸಿ ಬೆಲೆ ನಮೂದಿಸಲಿ. ಹೊಸ ಕೀಲಿಕೈಯೇ ಬೇಕೆನ್ನುವ ಕೇಂದ್ರ ಯಾವ ಭಾಗ ಕೆಟ್ಟಿದೆ ಎಂಬುದನ್ನು ಬರೆದುಕೊಡಲಿ. ಸೇವಾಕೇಂದ್ರದಲ್ಲಿ ಇದನ್ನು ಲಿಖಿತವಾಗಿ ಕೇಳಿ. ಕೇಳಿದೊಡನೆ ಎಷ್ಟೋ ಸಲ ಬೇರೆ ಉಪಾಯ ಹೊಳೆಯುತ್ತದೆ.

ಪೇಟೆಯಲ್ಲಿ ಕವಚ ಬದಲಾಯಿಸಿಕೊಂಡವರು ಹಳೆಯ ಕವಚವನ್ನೂ ರಸೀದಿಯನ್ನೂ ಎತ್ತಿಡಿ. ಕಾರು ಕಳವಾದಾಗ ವಿಮಾ ಕಂಪನಿಗಳು ಎರಡೂ ಮೂಲ ಕೀಲಿಕೈಗಳನ್ನು ಕೇಳುತ್ತವೆ. ಅಲಗೂ ಸವೆದಿದ್ದರೆ ಅದನ್ನೇ ಇಟ್ಟು ನಕಲು ತೆಗೆಸಬೇಡಿ, ಸವೆತವೂ ನಕಲಾಗುತ್ತದೆ. ಅನೇಕ ಕಾರುಗಳನ್ನು ಕೊಂಡ ದಿನ ಕೀಲಿಕೈಗಳ ಗೊಂಚಲಿನಲ್ಲಿ ಸಂಖ್ಯೆ ಕೆತ್ತಿದ ಪುಟ್ಟ ತಗಡೊಂದು ತೂಗುತ್ತಿರುತ್ತದೆ. ಆ ಸಂಖ್ಯೆಯಿಂದ ಮೂಲದ ಅಳತೆಗೆ ಸರಿಯಾಗಿ ಹೊಸ ಅಲಗು ಕೊರೆಯಬಹುದು. ಹಳೆಯ ಕಾಗದಪತ್ರಗಳ ಚೀಲದಲ್ಲಿ ಅದು ಇದ್ದರೂ ಇದ್ದೀತು, ಹುಡುಕಿ ತೆಗೆದಿಡಿ.